ಮೇವಿನ ದ್ವಿದಳ ಸಸ್ಯಗಳೂ ಸಾರಜನಕದ ಲೆಕ್ಕಾಚಾರವೂ

ಅಲಸಂದೆ, ಹುರುಳಿ, ಅವರೆ, ಕುದುರೆ ಮೆಂತ್ಯ ಮುಂತಾದ ದ್ವಿದಳ ಸಸ್ಯಗಳನ್ನು ಬೆಳೆದರೆ ನೆಲದ ಸಾರ ಹೆಚ್ಚುವುದೆಂಬ ಮಾತನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಓದಿಯೇ ಇರುವರು. ಈ ಮಾತು ಸುಳ್ಳಲ್ಲ. ಆದರೆ ಎಲ್ಲ ಸಂದರ್ಭಗಳಿಗೂ ಒಪ್ಪುವ ಪೂರ್ಣ ಸತ್ಯವೂ ಅಲ್ಲ. ಬೆಳೆದ ಸಸ್ಯವನ್ನು ಹೊಲದಲ್ಲಿಯೇ ಮಗುಚಿ ಹಸುರು ಗೊಬ್ಬರವನ್ನಾಗಿ ಮಾಡಿದರೆ ಆಗುವ ಪರಿಣಾಮವೇ ಬೇರೆ; ಅದೇ ಸಸ್ಯವನ್ನು ಹೂವಾಡುವ ಕಾಲಕ್ಕೆ ಬುಡದವರೆಗೆ ಕೊಯ್ದು, ಹೊರೆ ಕಟ್ಟಿ, ದನಗಳ ಕೊಟ್ಟಿಗೆಗೆ ಸಾಗಿಸಿದರೆ ಆಗುವ ಪರಿಣಾಮವೇ ಬೇರೆ. ಮೇವಿನ ಬೆಳೆಯಲ್ಲಿ ನಡೆಯುವುದು ಎರಡನೆಯದು. ಹಾಗಾದರೆ ಮೇವಿಗಾಗಿ ಬೆಳೆದ ದ್ವಿದಳ ಸಸ್ಯವು ನೆಲಕ್ಕೆ ಕೊಡುವುದೆಷ್ಟು, ನೆಲದಿಂದ ಕೊಂಡೊಯ್ಯುವುದೆಷ್ಟು? ರೈತನು ಹೆಚ್ಚು ಉತ್ತರೆ, ಕಡಮೆ ಉತ್ತರೆ, ಅಥವಾ ಯೂರಿಯದಂಥ ಸಾರಜನಕ ಗೊಬ್ಬರವನ್ನು ಹಾಕಿದರೆ ಈ ಲೆಕ್ಕವು ಯಾವ ಕಡೆಗೆ ವಾಲುವುದು?

ಒಂದೆರಡು ಹಸುಗಳನ್ನು ಕಟ್ಟಿಕೊಂಡು, ಹಾಲು ಮಾರಿ ಸಂಸಾರ ಸಾಗಿಸುವ ಸಣ್ಣ ರೈತನಿಗೆ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಅವನ ಅರ್ಧ ಎಕರೆ ಮೇವಿನ ತಾಕು ವರ್ಷವರ್ಷಕ್ಕೂ ಬಡವಾಗುತ್ತಿದೆಯೋ ಬಲಿಯುತ್ತಿದೆಯೋ ಎಂಬುದನ್ನು ನಿರ್ಣಯಿಸುವುದು ಈ ಪ್ರಶ್ನೆಯ ಉತ್ತರವೇ. ಅದನ್ನು ಹಂತಹಂತವಾಗಿ ವಿಚಾರ ಮಾಡೋಣ.

ಮೊದಲಿಗೆ ಒಂದು ಎಚ್ಚರಿಕೆ. ಸಸ್ಯಶಾಸ್ತ್ರದಲ್ಲಿ ದ್ವಿದಳವೆಂದರೆ ಮೊಳೆಯುವಾಗ ಎರಡು ಬೀಜದಳಗಳುಳ್ಳ ಸಸ್ಯವೆಲ್ಲವೂ ಸೇರುವುದು. ಹತ್ತಿಯೂ ಸೂರ್ಯಕಾಂತಿಯೂ ದ್ವಿದಳಗಳೇ. ಇಲ್ಲಿ ಆ ಪದವನ್ನು ರೂಢಿಯ ಅರ್ಥದಲ್ಲಿ, ಎಂದರೆ ಕಾಯಿಯೊಳಗೆ ಕಾಳು ಬಿಡುವ ಅವರೆಯ ಕುಟುಂಬದ ಸಸ್ಯಗಳಿಗೆ ಮಾತ್ರ ಬಳಸಿದೆ.

ಕೈಗೆಟುಕದ ಭಂಡಾರ

ಜೀವಿಗಳ ದೇಹದಲ್ಲಿರುವ ಪ್ರೋಟೀನುಗಳಿಗೆಲ್ಲ ಸಾರಜನಕವು ಅತ್ಯಾವಶ್ಯಕವಾದ ಮೂಲವಸ್ತು. ಗಾಳಿಯ ಗಾತ್ರದಲ್ಲಿ ಶೇಕಡಾ ೭೮ರಷ್ಟು ಸಾರಜನಕವೇ ಇರುವುದಷ್ಟೆ. ಒಂದು ಹೆಕ್ಟೇರು ನೆಲದ ಮೇಲೆ ನಿಂತಿರುವ ವಾಯುಸ್ತಂಭದಲ್ಲಿ ೭೫,೦೦೦ ಟನ್ನುಗಳಿಗೂ ಮೇಲ್ಪಟ್ಟು ಸಾರಜನಕವಿದೆ. ಆದರೂ ಅದೇ ನೆಲದಲ್ಲಿ ನಿಂತ ಜೋಳದ ಪೈರು ಸಾರಜನಕವಿಲ್ಲದೆ ಹಳದಿಗೆ ತಿರುಗುವುದುಂಟು. ಸಮುದ್ರದ ನಡುವೆ ಬಾಯಾರಿದವನ ಪಾಡು ಅದರದು.

ಕಾರಣವೇನೆಂದರೆ, ಗಾಳಿಯಲ್ಲಿರುವ ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಲವಾಗಿ ಹಿಡಿದಿರುವುವು. ಈ ಹಿಡಿತವನ್ನು ಬಿಡಿಸಿ, ಜಲಜನಕದೊಡನೆ ಸೇರಿಸಿ ಅಮೋನಿಯವನ್ನಾಗಿ ಮಾಡಿದ ಹೊರತು ಸಸ್ಯಕ್ಕೆ ಅದು ಉಪಯೋಗವಾಗದು. ಜರ್ಮನಿಯ ಫ್ರಿಟ್ಸ್ ಹಾಬರ್ ಈ ಕೆಲಸವನ್ನು ೧೯೦೯ರಲ್ಲಿ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದನು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದನು. ೧೯೧೩ರಲ್ಲಿ ಓಪಾವು ಎಂಬಲ್ಲಿ ಮೊದಲನೆಯ ಕಾರ್ಖಾನೆ ಕೆಲಸ ಪ್ರಾರಂಭಿಸಿತು. ಇಂದು ನಾವು ಕೊಳ್ಳುವ ಯೂರಿಯದ ಚೀಲದ ಹಿಂದೆ ಇರುವುದು ಅದೇ ವಿಧಾನ. ಅದಕ್ಕೆ ನೂರಾರು ಡಿಗ್ರಿಗಳ ಶಾಖವೂ ವಾಯುಮಂಡಲದ ಒತ್ತಡದ ನೂರಾರು ಪಟ್ಟು ಒತ್ತಡವೂ ಬೇಕು. ಇದೇ ಕಾರ್ಯವನ್ನು ಅಲಸಂದೆಯ ಬೇರು ಮಳೆಗಾಲದ ಸಾಧಾರಣ ಉಷ್ಣತೆಯಲ್ಲಿ ಸದ್ದಿಲ್ಲದೆ ನಡೆಸುತ್ತದೆ.

ಒಂದು ಹಳೆಯ ತೊಡಕು

ಈ ರಹಸ್ಯವು ಸುಲಭವಾಗಿ ಬಯಲಾಗಲಿಲ್ಲ. ಫ್ರಾನ್ಸಿನ ಬೂಸಿಂಗೋ ೧೮೩೮ರಲ್ಲಿ, ಗೊಬ್ಬರವಿಲ್ಲದ ಮಣ್ಣಿನಲ್ಲಿ ಬೆಳೆಸಿದ ಕ್ಲೋವರ್ ಮತ್ತು ಬಟಾಣಿ ಸಸ್ಯಗಳಲ್ಲಿ ಸಾರಜನಕವು ಹೆಚ್ಚಿದುದನ್ನೂ, ಗೋಧಿಯಲ್ಲಿ ಹೆಚ್ಚದಿದ್ದುದನ್ನೂ ಕಂಡನು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ ಲಾಸ್, ಗಿಲ್ಬರ್ಟ್ ಮತ್ತು ಪ್ಯೂ ಎಂಬುವರು ೧೮೫೭-೫೮ರಲ್ಲಿ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ಮಣ್ಣನ್ನು ಕಾಯಿಸಿ ಶುದ್ಧಿಗೊಳಿಸಿದರು. ಗಾಜಿನ ಆವರಣದೊಳಗೆ ಸಸ್ಯವಿಟ್ಟು, ಒಳಹೋಗುವ ಗಾಳಿಯಿಂದ ಅಮೋನಿಯವನ್ನೂ ತೆಗೆದುಹಾಕಿದರು. ಫಲಿತಾಂಶವೇನು? ಯಾವ ಸಸ್ಯವೂ ಗಾಳಿಯ ಸಾರಜನಕವನ್ನು ಹೀರಲಿಲ್ಲ!

ಪ್ರಯೋಗದಲ್ಲಿ ದೋಷವಿರಲಿಲ್ಲ, ಅದರ ಅತಿಯಾದ ಶುದ್ಧಿಯೇ ತೊಡಕಾಯಿತು. ಮಣ್ಣನ್ನು ಕಾಯಿಸಿದಾಗ ಅದರಲ್ಲಿದ್ದ ಜೀವಾಣುಗಳೂ ಸತ್ತಿದ್ದುವು. ಸುಮಾರು ೩೦ ವರ್ಷಗಳ ಬಳಿಕ, ೧೮೮೬ರಲ್ಲಿ, ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್‌ಫಾರ್ಟ್ ಈ ಗಂಟನ್ನು ಬಿಡಿಸಿದರು. ಮರಳು ತುಂಬಿದ ಕುಂಡಗಳಲ್ಲಿ ಓಟ್ಸ್ ಬೆಳೆಯು ತನಗೆ ಕೊಟ್ಟ ನೈಟ್ರೇಟಿಗೆ ಸರಿಯಾಗಿ ಬೆಳೆಯುತ್ತಿತ್ತು. ಬಟಾಣಿಯಾದರೋ ನೈಟ್ರೇಟಿಲ್ಲದ ಕುಂಡದಲ್ಲಿ ಕೆಲವೆಡೆ ಸೊರಗುತ್ತಿತ್ತು, ಕೆಲವೆಡೆ ಹುಲುಸಾಗಿ ಬೆಳೆಯುತ್ತಿತ್ತು. ಫಲವತ್ತಾದ ಹೊಲದ ಮಣ್ಣನ್ನು ನೀರಿನಲ್ಲಿ ಕದಡಿ, ಆ ತಿಳಿಯನ್ನು ಸ್ವಲ್ಪ ಹಾಕಿದರೆ ಎಲ್ಲ ಕುಂಡಗಳ ಬಟಾಣಿಯೂ ಬೆಳೆಯಿತು. ತಿಳಿಯನ್ನು ಕುದಿಸಿ ಹಾಕಿದರೆ ಪ್ರಯೋಜನವಾಗಲಿಲ್ಲ. ಬೇರಿನ ಮೇಲಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳೇ ಈ ಕಾರ್ಯದ ಕರ್ತೃಗಳೆಂಬುದು ಸ್ಪಷ್ಟವಾಯಿತು. ಹಾಲೆಂಡಿನ ಬೈಯರಿಂಕ್ ೧೮೮೮ರಲ್ಲಿ ಅವುಗಳನ್ನು ಬೇರ್ಪಡಿಸಿ ಬೆಳೆಸಿದನು. ಈ ಬ್ಯಾಕ್ಟೀರಿಯಗಳಿಗೆ ಇಂದು ರೈಜೋಬಿಯಂ ಎಂಬ ಹೆಸರು ರೂಢಿಯಲ್ಲಿದೆ.

ಗಂಟಿನೊಳಗಿನ ಕಾರ್ಯಾಗಾರ

ಎಳೆಯ ಬೇರು ಮಣ್ಣಿಗೆ ಕೆಲವು ರಾಸಾಯನಿಕ ವಸ್ತುಗಳನ್ನು ಸ್ರವಿಸುತ್ತದೆ. ಅದನ್ನು ಗುರುತಿಸಿದ ರೈಜೋಬಿಯಂ ತಾನೂ ಒಂದು ಸಂಕೇತವಸ್ತುವನ್ನು ಹೊರಬಿಡುತ್ತದೆ. ಬೇರಿನ ರೋಮವು ಸುರುಳಿಯಾಗಿ ಬಾಗಿ ಬ್ಯಾಕ್ಟೀರಿಯವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೇರಿನ ಕೋಶಗಳು ವಿಭಾಗವಾಗಿ ಗಂಟು ಏಳುತ್ತದೆ. ಮುಂದೆ ನಡೆಯುವುದು ಒಂದು ವ್ಯಾಪಾರ. ಸಸ್ಯವು ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಕೊಡುತ್ತದೆ. ಬ್ಯಾಕ್ಟೀರಿಯ ಅಮೋನಿಯವನ್ನು ಕೊಡುತ್ತದೆ.

ಈ ಕಾರ್ಯವನ್ನು ನಡೆಸುವ ಕಿಣ್ವಕ್ಕೆ ನೈಟ್ರೋಜಿನೇಸ್ ಎಂದು ಹೆಸರು. ಅದರಲ್ಲಿ ಕಬ್ಬಿಣವೂ ಮಾಲಿಬ್ಡಿನಂ ಎಂಬ ಲೋಹವೂ ಇವೆ. ಆಮ್ಲಜನಕವು ಸೋಕಿದರೆ ಈ ಕಿಣ್ವವು ಕೆಡುವುದು. ಆದರೆ ಬ್ಯಾಕ್ಟೀರಿಯಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಈ ವಿರೋಧವನ್ನು ಪರಿಹರಿಸುವುದು ಗಂಟಿನಲ್ಲಿರುವ ಒಂದು ಕೆಂಪು ವಸ್ತು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಹತ್ತಿರದ ಸಂಬಂಧಿ ಎಂದು ಜಪಾನಿನ ಕುಬೋ ೧೯೩೯ರಲ್ಲಿ ತೋರಿಸಿದನು. ಅದು ಆಮ್ಲಜನಕವನ್ನು ಹಿಡಿದುಕೊಂಡು ಬ್ಯಾಕ್ಟೀರಿಯಕ್ಕೆ ಬೇಕಾದಷ್ಟನ್ನು ಮಾತ್ರ ಒದಗಿಸುತ್ತದೆ. ಕೆಲಸ ಮಾಡುವ ಗಂಟನ್ನು ಕೊಯ್ದರೆ ಒಳಗೆ ನಸುಗೆಂಪು ಬಣ್ಣ ಕಾಣುವುದು ಇದರಿಂದಲೇ. ಬಿಳಿಯ ಗಂಟು ಇನ್ನೂ ಕೆಲಸಕ್ಕೆ ತೊಡಗಿಲ್ಲ ಅಥವಾ ನಿರುಪಯುಕ್ತ. ಹಸುರು ಅಥವಾ ಕಂದು ಬಣ್ಣದ ಗಂಟು ಮುಪ್ಪಾದದ್ದು.

ಈ ವ್ಯಾಪಾರದಲ್ಲಿ ಸಸ್ಯವು ತೆರುವ ಬೆಲೆ ಕಡಮೆಯೇನಲ್ಲ. ಸಾರಜನಕದ ಒಂದು ಅಣುವನ್ನು ಅಮೋನಿಯವನ್ನಾಗಿ ಪರಿವರ್ತಿಸಲು, ಜೀವಕೋಶದ ಶಕ್ತಿನಾಣ್ಯವೆನಿಸಿದ ಎಟಿಪಿಯ ಕನಿಷ್ಠ ೧೬ ಅಣುಗಳು ವ್ಯಯವಾಗುವುವು. ಆದುದರಿಂದಲೇ ಸಸ್ಯವು ವ್ಯವಹಾರಜ್ಞಾನವುಳ್ಳ ಗೃಹಸ್ಥನಂತೆ ವರ್ತಿಸುತ್ತದೆ: ಮಣ್ಣಿನಲ್ಲಿ ನೈಟ್ರೇಟು ಧಾರಾಳವಾಗಿ ಸಿಕ್ಕರೆ ಗಂಟುಗಳನ್ನು ಕಟ್ಟುವುದಿಲ್ಲ, ಕಟ್ಟಿದ್ದರೂ ಅವಕ್ಕೆ ಸಕ್ಕರೆ ಒದಗಿಸುವುದನ್ನು ಕಡಮೆ ಮಾಡುತ್ತದೆ. ಈ ಒಂದು ಸಂಗತಿಯನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಉಳುಮೆ ಮತ್ತು ಗೊಬ್ಬರಗಳ ಸಮಸ್ಯೆಗೆ ಕೀಲಿಕೈ ಇದೇ.

ಲೆಕ್ಕ ಹಾಕುವ ಕ್ರಮ

ಒಂದು ಹೆಕ್ಟೇರಿನಲ್ಲಿ ಮೇವಿನ ಅಲಸಂದೆಯನ್ನು ಬೆಳೆದಿದೆಯೆಂದು ಇಟ್ಟುಕೊಳ್ಳೋಣ. ಲೆಕ್ಕದ ಸೌಕರ್ಯಕ್ಕಾಗಿ, ಕೊಯ್ಲಿನ ಹೊತ್ತಿಗೆ ಇಡೀ ಬೆಳೆಯಲ್ಲಿ, ಬೇರೂ ಸೇರಿ, ೧೦೦ ಕಿಲೋಗ್ರಾಂ ಸಾರಜನಕವಿದೆಯೆಂದೂ, ಅದರಲ್ಲಿ ೮೦ ಕಿಲೋಗ್ರಾಂ ಮೇವಿನೊಡನೆ ಹೊರಹೋಗಿ, ೨೦ ಕಿಲೋಗ್ರಾಂ ಬೇರು, ಕೂಳೆ, ಉದುರಿದ ಎಲೆಗಳಲ್ಲಿ ಹೊಲದಲ್ಲಿಯೇ ಉಳಿಯುವುದೆಂದೂ ಭಾವಿಸೋಣ.

ಮೊದಲನೆಯ ಸಂದರ್ಭ: ೧೦೦ರಲ್ಲಿ ೬೦ ಕಿಲೋಗ್ರಾಂ ಗಾಳಿಯಿಂದ ಬಂದಿದೆ. ಉಳಿದ ೪೦ನ್ನು ಸಸ್ಯವು ಮಣ್ಣಿನಿಂದ ಪಡೆದಿದೆ. ಮಣ್ಣು ಕೊಟ್ಟದ್ದು ೪೦. ಹಿಂದಕ್ಕೆ ಪಡೆದದ್ದು ೨೦. ಆದುದರಿಂದ ಮಣ್ಣಿಗೆ ೨೦ ಕಿಲೋಗ್ರಾಂ ನಷ್ಟ.

ಎರಡನೆಯ ಸಂದರ್ಭ: ೮೦ ಕಿಲೋಗ್ರಾಂ ಗಾಳಿಯಿಂದ ಬಂದಿದೆ. ಮಣ್ಣು ಕೊಟ್ಟದ್ದು ೨೦, ಪಡೆದದ್ದು ೨೦. ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇದರಿಂದ ಒಂದು ಸರಳ ನಿಯಮವು ಹೊರಡುತ್ತದೆ. ಬೆಳೆಯ ಸಾರಜನಕದಲ್ಲಿ ಶೇಕಡಾ ಎಷ್ಟು ಭಾಗ ಗಾಳಿಯಿಂದ ಬಂದಿದೆಯೋ ಅದು, ಶೇಕಡಾ ಎಷ್ಟು ಭಾಗ ಹೊಲದಿಂದ ಹೊರಗೆ ಹೋಗುವುದೋ ಅದಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ನೆಲಕ್ಕೆ ಲಾಭ. ಹಸುರು ಗೊಬ್ಬರದಲ್ಲಿ ಹೊರಗೆ ಹೋಗುವ ಭಾಗ ಸೊನ್ನೆಯಾದುದರಿಂದ ಲಾಭವು ಖಂಡಿತ. ಮೇವಿನಲ್ಲಿ ಹೊರಗೆ ಹೋಗುವ ಭಾಗವೇ ಬಹಳವಾದುದರಿಂದ ಲಾಭವು ಕಷ್ಟಸಾಧ್ಯ.

ಇದನ್ನು ಕೇಳಿ ಮೇವಿನ ದ್ವಿದಳ ಸಸ್ಯವನ್ನು ದೂಷಿಸಬೇಕಾಗಿಲ್ಲ. ಅದೇ ಹೊಲದಲ್ಲಿ ಅಷ್ಟೇ ಸಾರಜನಕವುಳ್ಳ ಮೆಕ್ಕೆ ಜೋಳದ ಮೇವನ್ನು ಗೊಬ್ಬರವಿಲ್ಲದೆ ಬೆಳೆದಿದ್ದರೆ ೧೦೦ಕ್ಕೆ ೧೦೦ ಕಿಲೋಗ್ರಾಮೂ ಮಣ್ಣಿನಿಂದಲೇ ಬರಬೇಕಾಗಿತ್ತು. ನಷ್ಟವು ೮೦ ಕಿಲೋಗ್ರಾಂ ಆಗುತ್ತಿತ್ತು. ದ್ವಿದಳ ಬೆಳೆಯ ಅನಂತರ ಬಿತ್ತಿದ ರಾಗಿ ಹೆಚ್ಚು ಚೆನ್ನಾಗಿ ಬರುವುದನ್ನು ರೈತರು ಕಂಡಿರುವರು. ಅದಕ್ಕೆ ಕಾರಣಗಳಲ್ಲೊಂದು, ದ್ವಿದಳ ಬೆಳೆ ಮಣ್ಣಿಗೆ ಹೊಸದಾಗಿ ಸೇರಿಸಿದ ಸಾರಜನಕವಲ್ಲ. ಅದು ಮಣ್ಣಿನಿಂದ ತೆಗೆಯದೆ ಬಿಟ್ಟ ಸಾರಜನಕ. ಉಳಿತಾಯವನ್ನು ಗಳಿಕೆಯೆಂದು ಭ್ರಮಿಸಬಾರದು.

ಗಾಳಿಯಿಂದ ಬಂದ ಭಾಗವನ್ನು ಅಳೆಯುವುದು ಹೇಗೆಂದು ವಿದ್ಯಾರ್ಥಿಗಳು ಕೇಳಬಹುದು. ಸಾರಜನಕದ ಪರಮಾಣುಗಳಲ್ಲಿ ಬಹುಪಾಲು ೧೪ ತೂಕದವು. ಅತ್ಯಲ್ಪ ಭಾಗ ೧೫ ತೂಕದವು. ಈ ಭಾರವಾದ ಸಾರಜನಕವನ್ನು ಗೊಬ್ಬರದಲ್ಲಿ ಸೇರಿಸಿ ಮಣ್ಣಿಗೆ ಹಾಕಿದರೆ, ಮಣ್ಣಿನಿಂದ ಉಂಡ ಜೋಳದಲ್ಲಿ ಅದರ ಪ್ರಮಾಣವು ಹೆಚ್ಚಾಗಿರುವುದು. ಗಾಳಿಯಿಂದಲೂ ಉಂಡ ಅಲಸಂದೆಯಲ್ಲಿ ಅದು ತೆಳುವಾಗಿರುವುದು. ಹಾಲಿಗೆ ನೀರು ಬೆರೆತಿರುವುದನ್ನು ಅಳೆಯುವಂತೆಯೇ, ಎಷ್ಟು ತೆಳುವಾಗಿದೆಯೆಂಬುದರಿಂದ ಗಾಳಿಯ ಪಾಲನ್ನು ಲೆಕ್ಕಮಾಡುವರು.

ಯೂರಿಯ ಹಾಕಿದರೆ?

ಮೆಕ್ಕೆ ಜೋಳವು ಯೂರಿಯದಿಂದ ಕಡುಹಸುರಾಗುವುದನ್ನು ಕಂಡ ರೈತನು ಪಕ್ಕದ ಅಲಸಂದೆಗೂ ಅದನ್ನೇ ಎರಚಲು ಮನಸ್ಸು ಮಾಡುವುದು ಸಹಜ. ೪೦ ಕಿಲೋಗ್ರಾಂ ಸಾರಜನಕವನ್ನು ಗೊಬ್ಬರವಾಗಿ ಹಾಕಿದನೆಂದೂ, ಅದರ ಫಲವಾಗಿ ಗಂಟುಗಳ ಕೆಲಸ ಕುಗ್ಗಿ, ಗಾಳಿಯಿಂದ ಬರುವ ಪಾಲು ೬೦ರಿಂದ ೩೦ಕ್ಕೆ ಇಳಿಯಿತೆಂದೂ ತಿಳಿಯೋಣ. ಬೆಳೆಯ ಒಟ್ಟು ಸಾರಜನಕ ಮೊದಲಿನಂತೆಯೇ ೧೦೦. ಈಗ ಮಣ್ಣು ಮತ್ತು ಗೊಬ್ಬರಗಳಿಂದ ಹೋದದ್ದು ೭೦. ಹಿಂದಕ್ಕೆ ಬಂದದ್ದು ೨೦. ಹೊರಗಿನಿಂದ ಹಾಕಿದ್ದು ೪೦. ನಿವ್ವಳ ನಷ್ಟ ೧೦ ಕಿಲೋಗ್ರಾಂ.

ಏನೂ ಹಾಕದಿದ್ದಾಗ ನಷ್ಟವು ೨೦ ಇದ್ದಿತು. ೪೦ ಕಿಲೋಗ್ರಾಂ ಸಾರಜನಕವನ್ನು ಹಣ ಕೊಟ್ಟು ತಂದು ಹಾಕಿದ್ದರಿಂದ ಉಳಿದದ್ದು ೧೦ ಮಾತ್ರ. ಮಿಕ್ಕ ೩೦ ಕಿಲೋಗ್ರಾಂ, ಗಾಳಿಯು ಉಚಿತವಾಗಿ ಕೊಡುತ್ತಿದ್ದುದರ ಸ್ಥಾನವನ್ನು ಆಕ್ರಮಿಸಿತು, ಅಷ್ಟೆ. ಯೂರಿಯದ ಒಂದಂಶವು ಅಮೋನಿಯವಾಗಿ ಹಾರಿಹೋಗುವುದೂ, ನೈಟ್ರೇಟಾಗಿ ಮಳೆಯ ನೀರಿನೊಡನೆ ಕೆಳಕ್ಕೆ ಬಸಿದುಹೋಗುವುದೂ ಸಾಮಾನ್ಯ. ಹೀಗೆ ಹಾಳಾದುದು ಕೇವಲ ೧೦ ಕಿಲೋಗ್ರಾಂ ಎಂದರೂ, ಗೊಬ್ಬರ ಹಾಕಿದ ಹೊಲವೂ ಹಾಕದ ಹೊಲವೂ ಒಂದೇ ಸಮನಾದುವು! ಮೇವು ಮಾತ್ರ ಎರಡೂ ಕಡೆ ಒಂದೇ ಹಸುರು. ಹೊಲದ ಬದುವಿನಲ್ಲಿ ನಿಂತು ನೋಡುವವನಿಗೆ ಈ ವ್ಯತ್ಯಾಸವು ಕಾಣುವುದಿಲ್ಲ.

ಹಾಗೆಂದು ದ್ವಿದಳ ಬೆಳೆಗೆ ಸಾರಜನಕವನ್ನು ಹಾಕಲೇ ಬಾರದೆಂದಲ್ಲ. ಬಿತ್ತಿದ ಮೂರು ನಾಲ್ಕು ವಾರಗಳವರೆಗೆ ಗಂಟುಗಳು ಪೂರ್ತಿಯಾಗಿ ಕೆಲಸಕ್ಕೆ ತೊಡಗವು. ಬೀಜದಳಗಳಲ್ಲಿದ್ದ ಆಹಾರ ತೀರಿ, ಗಂಟುಗಳ ದುಡಿಮೆ ಇನ್ನೂ ಕೈಗೆ ಬಾರದ ಈ ನಡುಗಾಲದಲ್ಲಿ ಬಡ ಮಣ್ಣಿನ ಸಸಿ ಸೊರಗಬಹುದು. ಆದುದರಿಂದ ಹೆಕ್ಟೇರಿಗೆ ಸುಮಾರು ೨೦ರಿಂದ ೨೫ ಕಿಲೋಗ್ರಾಂ ಸಾರಜನಕವನ್ನು ಬಿತ್ತನೆಯ ಕಾಲದಲ್ಲಿ ಕೊಡುವುದುಂಟು. ಯೂರಿಯದಲ್ಲಿ ಶೇಕಡಾ ೪೬ ಸಾರಜನಕವಿರುವುದರಿಂದ ೨೦ ಕಿಲೋಗ್ರಾಂ ಸಾರಜನಕಕ್ಕೆ ಸುಮಾರು ೪೩ ಕಿಲೋಗ್ರಾಂ ಯೂರಿಯ ಸಾಕು. ಇದು ಸಸಿಗೆ ಕೊಡುವ ಊರುಗೋಲು. ಅದನ್ನೇ ಕಾಲೆಂದು ತಿಳಿಯಬಾರದು.

ಗಂಟುಗಳಿಗೆ ನಿಜವಾಗಿ ಬೇಕಾದುದು ಬೇರೆಯ ವಸ್ತುಗಳು. ಎಟಿಪಿಯ ತಯಾರಿಕೆಗೆ ರಂಜಕ ಬೇಕು; ಆದುದರಿಂದ ಸೂಪರ್ ಫಾಸ್ಫೇಟಿನಂಥ ಗೊಬ್ಬರಕ್ಕೆ ದ್ವಿದಳ ಬೆಳೆ ಚೆನ್ನಾಗಿ ಸ್ಪಂದಿಸುತ್ತದೆ. ದಕ್ಷಿಣ ಆಸ್ಟ್ರೇಲಿಯದಲ್ಲಿ ಕ್ಲೋವರ್ ಹುಲ್ಲುಗಾವಲು ಏಳದೆ ಸೊರಗುತ್ತಿದ್ದುದಕ್ಕೆ ಮಾಲಿಬ್ಡಿನಂನ ಕೊರತೆಯೇ ಕಾರಣವೆಂದು ಆಂಡರ್ಸನ್ ಎಂಬ ವಿಜ್ಞಾನಿ ೧೯೪೨ರಲ್ಲಿ ತೋರಿಸಿದನು. ಅತ್ಯಲ್ಪ ಪ್ರಮಾಣದ ಆ ಲೋಹವನ್ನು ಸೇರಿಸಿದೊಡನೆ ಸೊರಗಿದ್ದ ಕ್ಲೋವರ್ ಚೇತರಿಸಿಕೊಂಡಿತು. ಸರಿಯಾದ ಬ್ಯಾಕ್ಟೀರಿಯವೂ ಬೇಕು. ಅಲಸಂದೆ, ಹುರುಳಿಗಳಿಗೆ ಹೊಂದುವ ಜಾತಿಗಳು ನಮ್ಮ ಮಣ್ಣುಗಳಲ್ಲಿ ಸಾಮಾನ್ಯವಾಗಿ ಇರುವುವು. ಆದರೆ ಉತ್ತರ ಭಾರತದ ಮುಖ್ಯ ಮೇವಾದ ಬರ್ಸೀಮ್ ಎಂಬ ಈಜಿಪ್ಟಿನ ಕ್ಲೋವರನ್ನಾಗಲಿ, ಕುದುರೆ ಮೆಂತ್ಯವನ್ನಾಗಲಿ ಹಿಂದೆಂದೂ ಬೆಳೆಯದ ಹೊಲದಲ್ಲಿ ಬಿತ್ತುವಾಗ, ಬೀಜಕ್ಕೆ ಆಯಾ ರೈಜೋಬಿಯಂ ಲೇಪಿಸುವುದು ಅಗತ್ಯ.

ಉಳುಮೆಯ ಪಾತ್ರ

ನೇಗಿಲು ಮಣ್ಣಿಗೆ ಏನು ಮಾಡುತ್ತದೆ? ೧೭೩೧ರಲ್ಲಿ ಇಂಗ್ಲೆಂಡಿನ ಜೆತ್ರೋ ಟಲ್ ಎಂಬಾತನು, ಬೇರುಗಳು ಮಣ್ಣಿನ ನುಣ್ಣನೆಯ ಕಣಗಳನ್ನೇ ತಿನ್ನುವುವೆಂದೂ, ಆದುದರಿಂದ ಉತ್ತಷ್ಟೂ ಒಳ್ಳೆಯದೆಂದೂ ವಾದಿಸಿದನು. ಅವನ ಸಿದ್ಧಾಂತ ತಪ್ಪು. ಆದರೆ ಉತ್ತ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದದ್ದು ನಿಜ. ಅದಕ್ಕೆ ನಿಜವಾದ ಕಾರಣ ಬೇರೆ. ಉತ್ತಾಗ ಕಳೆಯು ಸಾಯುತ್ತದೆ. ಮಣ್ಣಿನೊಳಕ್ಕೆ ಗಾಳಿ ನುಗ್ಗುತ್ತದೆ. ಹೆಂಟೆಗಳೊಳಗೆ ಅಡಗಿದ್ದ ಸಾವಯವ ವಸ್ತುವು ಸೂಕ್ಷ್ಮಜೀವಿಗಳ ಬಾಯಿಗೆ ಸಿಕ್ಕಿ ಬೇಗ ಕೊಳೆತು, ಅದರಲ್ಲಿದ್ದ ಸಾರಜನಕವು ನೈಟ್ರೇಟಾಗಿ ಬಿಡುಗಡೆಯಾಗುತ್ತದೆ. ಎಂದರೆ, ಉಳುಮೆಯೂ ಒಂದು ಬಗೆಯ ಗೊಬ್ಬರವೇ; ಆದರೆ ಅದು ಹೊಲದ ಸ್ವಂತ ಇಡುಗಂಟಿನಿಂದ ತೆಗೆದು ಕೊಟ್ಟ ಗೊಬ್ಬರ.

ಈಗ ಗಂಟುಗಳ ಸ್ವಭಾವವನ್ನು ನೆನಪಿಗೆ ತಂದುಕೊಳ್ಳಿ. ಪದೇ ಪದೇ ಉತ್ತ ಹೊಲದಲ್ಲಿ ಬಿತ್ತನೆಯ ಹೊತ್ತಿಗೆ ನೈಟ್ರೇಟು ಹೇರಳವಾಗಿರುವುದರಿಂದ ಅಲಸಂದೆಯು ಮೊದಲು ಅದನ್ನೇ ಉಂಡು, ಗಂಟುಗಳನ್ನು ತಡವಾಗಿ ಕಟ್ಟುತ್ತದೆ. ಉಳದೆ, ಅಥವಾ ಒಂದೇ ಬಾರಿ ಉತ್ತು ಬಿತ್ತಿದ ಹೊಲದಲ್ಲಿ ನೈಟ್ರೇಟು ಕಡಮೆಯಿರುವುದರಿಂದ ಗಾಳಿಯ ಪಾಲು ಹೆಚ್ಚಾಗುವ ಸಂಭವವುಂಟು. ಅಲ್ಲದೆ ಹಿಂದಿನ ಬೆಳೆಯ ಕೂಳೆ, ತರಗುಗಳು ನೆಲವನ್ನು ಮುಚ್ಚಿದ್ದರೆ ತೇವ ಆರದು. ಬಿಸಿಲಿಗೆ ಮೇಲ್ಮಣ್ಣು ಕಾಯದು. ಗಂಟುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಇರುವುದರಿಂದ ಈ ತಂಪು ಅವಕ್ಕೆ ಹಿತಕರ.

ಉಳುಮೆಯ ಅತಿರೇಕದಿಂದಾಗುವ ಹಾನಿಯನ್ನು ಜಗತ್ತಿಗೆ ಕಲಿಸಿದ್ದು ೧೯೩೦ರ ದಶಕದಲ್ಲಿ ಅಮೆರಿಕದ ಮಹಾಬಯಲುಗಳಲ್ಲಿ ಎದ್ದ ಧೂಳಿನ ಬಿರುಗಾಳಿಗಳು. ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದ ನೆಲವು ಬರಗಾಲದಲ್ಲಿ ಗಾಳಿಗೆ ಎದ್ದುಹೋಯಿತು. ಎಡ್ವರ್ಡ್ ಫಾಕ್ನರ್ ಎಂಬಾತನು ೧೯೪೩ರಲ್ಲಿ ನೇಗಿಲಿನ ವಿರುದ್ಧವೇ ಒಂದು ಪುಸ್ತಕವನ್ನು ಬರೆದನು. ೧೯೬೦ರ ದಶಕದಿಂದ ಕಳೆನಾಶಕಗಳ ನೆರವಿನಿಂದ ಉಳುಮೆಯಿಲ್ಲದ ಬೇಸಾಯವು ಅನೇಕ ದೇಶಗಳಲ್ಲಿ ಹರಡಿತು.

ಆದರೆ ಇದನ್ನೇ ಸಾರ್ವತ್ರಿಕ ನಿಯಮವೆಂದು ಹಿಡಿಯಲಾಗದು. ಗಂಟಿಗೆ ಗಾಳಿ ಬೇಕು. ಮಳೆಯ ಪೆಟ್ಟಿಗೆ ಹೆಪ್ಪುಗಟ್ಟಿ, ಬಿಸಿಲಿಗೆ ಗಟ್ಟಿಯಾಗುವ ಕೆಂಪು ಮಣ್ಣಿನಲ್ಲಿ ಉಳುಮೆಯನ್ನು ಸಂಪೂರ್ಣವಾಗಿ ಬಿಟ್ಟರೆ, ನೀರು ಇಂಗದೆ ಹರಿದುಹೋಗುವುದು. ಸಸಿಯ ಮೊಳಕೆ ಮೇಲೇಳಲಾರದು. ದನಗಳು ಒದ್ದೆ ನೆಲವನ್ನು ತುಳಿದು ಅದುಮಿದ್ದರಂತೂ ಕಷ್ಟವು ಇಮ್ಮಡಿ. ಕಳೆಯು ಮೊದಲ ತಿಂಗಳಲ್ಲಿಯೇ ಎಳೆಯ ಬೆಳೆಯನ್ನು ಮುಚ್ಚಿಬಿಡಬಹುದು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಉಳುಮೆಯಿಲ್ಲದ ಬೇಸಾಯದ ಗುಣವೆಲ್ಲ ನೆಲದ ಮೇಲಿನ ಹೊದಿಕೆಯನ್ನು ಅವಲಂಬಿಸಿದೆ. ನಮ್ಮಲ್ಲಾದರೋ ಕೊಯ್ಲಾದ ಮರುದಿನವೇ ಆ ಕೂಳೆಯೂ ದನಗಳ ಹೊಟ್ಟೆ ಸೇರುವುದು. ಬರಿಮೈ ನೆಲದಲ್ಲಿ ಉಳದೆ ಬಿತ್ತುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ನಾಡಿನ ಅನುಭವ

ಹಿಂದಿನವರು ಈ ಸಮಸ್ಯೆಗೆ ಕಂಡುಕೊಂಡಿದ್ದ ಪರಿಹಾರಗಳು ಗಮನಾರ್ಹವಾದುವು. ಛತ್ತೀಸ್‌ಗಢದಲ್ಲಿ ಉತೇರಾ ಎಂಬ ಪದ್ಧತಿಯುಂಟು. ಬಿಹಾರ, ಬಂಗಾಳಗಳಲ್ಲಿ ಅದಕ್ಕೆ ಪೈರಾ ಎನ್ನುವರು. ಭತ್ತವು ಕೊಯ್ಲಿಗೆ ಬರುವ ಮುಂಚೆಯೇ, ನಿಂತ ಪೈರಿನ ನಡುವಿನ ಹಸಿ ನೆಲದ ಮೇಲೆ ಕೇಸರಿ ಬೇಳೆಯ ಬೀಜವನ್ನು ಎರಚುವರು. ನೇಗಿಲು ಮುಟ್ಟುವುದೇ ಇಲ್ಲ. ಭತ್ತವು ಮಣ್ಣಿನ ನೈಟ್ರೇಟನ್ನು ಬಳಸಿ ಮುಗಿಸಿರುವುದರಿಂದ ದ್ವಿದಳ ಸಸ್ಯವು ಗಾಳಿಯನ್ನೇ ನಂಬಬೇಕು. ಆ ಕಾಳಿನಲ್ಲಿರುವ ಒಂದು ವಿಷವಸ್ತುವು, ಬರಗಾಲದಲ್ಲಿ ಅದನ್ನೇ ಮುಖ್ಯ ಆಹಾರವಾಗಿ ತಿಂದವರ ಕಾಲುಗಳನ್ನು ಊನಗೊಳಿಸಿದೆಯೆಂಬುದನ್ನು ಮಾತ್ರ ಮರೆಯಲಾಗದು.

ಕರ್ನಾಟಕದ ಕರಾವಳಿಯಲ್ಲಿ ಭತ್ತದ ಕೊಯ್ಲಿನ ಬಳಿಕ ಗದ್ದೆಯಲ್ಲುಳಿದ ತೇವದಲ್ಲಿಯೇ ಉದ್ದು, ಹೆಸರು, ಅಲಸಂದೆಗಳನ್ನು ಬೆಳೆಯುವುದುಂಟು. ಮೈದಾನದ ಕೆಂಪು ನೆಲದಲ್ಲಿ ಹಿಂಗಾರಿನ ಹುರುಳಿಗೆ ಹೆಚ್ಚಿನ ಉಳುಮೆಯೂ ಇಲ್ಲ, ಗೊಬ್ಬರವೂ ಇಲ್ಲ. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲುಗಳನ್ನು ಬಿಡುವುದಂತೂ ಎಲ್ಲರಿಗೂ ಪರಿಚಿತ. ರಾಗಿಯು ಮಣ್ಣಿನ ನೈಟ್ರೇಟನ್ನು ಹೀರುತ್ತ ಹೋದಂತೆ ಅವರೆಯು ಗಾಳಿಯ ಕಡೆಗೆ ತಿರುಗುತ್ತದೆ. ಮೇವಿಗಾಗಿ ಜೋಳ ಮತ್ತು ಅಲಸಂದೆಗಳನ್ನು ಒಟ್ಟಿಗೆ ಬಿತ್ತುವುದರ ತತ್ತ್ವವೂ ಇದೇ. ದನಕ್ಕೂ ಅದು ಹಿತ: ಜೋಳದಿಂದ ಶಕ್ತಿ, ಅಲಸಂದೆಯಿಂದ ಪ್ರೋಟೀನು. ಕುದುರೆ ಮೆಂತ್ಯ, ಬರ್ಸೀಮ್‌ಗಳಂಥ ಎಳೆಯ ಮೇವನ್ನೇ ಹಸಿದ ದನಕ್ಕೆ ಯಥೇಚ್ಛವಾಗಿ ಹಾಕಿದರೆ ಹೊಟ್ಟೆಯುಬ್ಬರವಾಗಿ ಪ್ರಾಣಾಪಾಯವೂ ಉಂಟಾಗಬಹುದು. ಒಣಹುಲ್ಲನ್ನು ಬೆರೆಸಿ ಕೊಡುವುದು ಕ್ಷೇಮ.

ಕುದುರೆ ಮೆಂತ್ಯಕ್ಕೆ ಇನ್ನೊಂದು ಸೌಲಭ್ಯವಿದೆ. ಅದು ಬಹುವಾರ್ಷಿಕ, ಒಮ್ಮೆ ಉತ್ತು ಬಿತ್ತಿದರೆ ಮೂರು ನಾಲ್ಕು ವರ್ಷ ಮತ್ತೆ ಮತ್ತೆ ಕೊಯ್ಯಬಹುದು. ಅಷ್ಟು ಕಾಲ ನೆಲಕ್ಕೆ ನೇಗಿಲಿನಿಂದ ಬಿಡುವು ಸಿಕ್ಕುವುದು. ಪ್ರತಿಸಲ ಕೊಯ್ದಾಗಲೂ ಸಕ್ಕರೆಯ ಸರಬರಾಜು ನಿಂತು ಗಂಟುಗಳ ಕೆಲಸ ತಟಕ್ಕನೆ ಕುಗ್ಗುತ್ತದೆ; ಹೊಸ ಚಿಗುರು ಬೆಳೆದಂತೆಲ್ಲ ಮತ್ತೆ ಚೇತರಿಸಿಕೊಳ್ಳುತ್ತದೆ. ಆದುದರಿಂದ ಮೇಲಿಂದ ಮೇಲೆ ಬಹಳ ಬೇಗನೆ ಕೊಯ್ಯುವುದು ಸಸ್ಯಕ್ಕೂ ಗಂಟಿಗೂ ಹಾನಿ. ಇಂತಹ ಪ್ರಶ್ನೆಗಳ ಅಧ್ಯಯನಕ್ಕಾಗಿ ೧೯೬೨ರಲ್ಲಿ ಝಾನ್ಸಿಯಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವು ಧಾರವಾಡದಲ್ಲಿದೆ.

ಕೊಟ್ಟಿಗೆಯಿಂದ ಹೊಲಕ್ಕೆ

ಈವರೆಗಿನ ಲೆಕ್ಕದಲ್ಲಿ ಒಂದು ಬಾಬನ್ನು ಬಿಟ್ಟಿದ್ದೇವೆ. ಹೊಲದಿಂದ ಹೊರಟ ೮೦ ಕಿಲೋಗ್ರಾಂ ಸಾರಜನಕವು ಎಲ್ಲಿಗೆ ಹೋಯಿತು? ದನದ ಹೊಟ್ಟೆಗೆ. ಅದರಲ್ಲಿ ಹಾಲು, ಮಾಂಸಗಳಾಗಿ ಉಳಿಯುವುದು ಸುಮಾರು ಕಾಲುಭಾಗ. ಉಳಿದ ಮುಕ್ಕಾಲು ಭಾಗ, ಎಂದರೆ ೬೦ ಕಿಲೋಗ್ರಾಂ, ಸೆಗಣಿ ಮತ್ತು ಗಂಜಲಗಳಲ್ಲಿ ಹೊರಬೀಳುವುದು. ಪ್ರೋಟೀನು ಹೆಚ್ಚಾಗಿರುವ ಹಸಿಮೇವನ್ನು ತಿಂದ ದನದಲ್ಲಿ ಇದರ ಅರ್ಧಕ್ಕೂ ಹೆಚ್ಚು ಗಂಜಲದಲ್ಲಿಯೇ ಇರುವುದು.

ಈ ೬೦ರಲ್ಲಿ ಅರ್ಧವಾದರೂ ಹೊಲಕ್ಕೆ ಮರಳಿದರೆ, ಮೊದಲನೆಯ ಸಂದರ್ಭದ ೨೦ ಕಿಲೋಗ್ರಾಂ ನಷ್ಟವು ೧೦ ಕಿಲೋಗ್ರಾಂ ಲಾಭವಾಗಿ ಪರಿಣಮಿಸುವುದು! ಆದರೆ ಸೆಗಣಿಯನ್ನು ಬೆರಣಿ ತಟ್ಟಿ ಉರಿಸಿದರೆ ಅದರ ಸಾರಜನಕವು ಹೊಗೆಯೊಡನೆ ಗಾಳಿಗೆ ಹಿಂದಿರುಗುವುದು. ಗಂಜಲವು ಕೊಟ್ಟಿಗೆಯ ಮೋರಿಯಲ್ಲಿ ಹರಿದುಹೋದರೆ, ಅಥವಾ ಬಯಲಲ್ಲಿ ಬಿಸಿಲಿಗೆ ಒಣಗಿದರೆ, ಅದರಲ್ಲಿನ ಯೂರಿಯ ಅಮೋನಿಯವಾಗಿ ಹಾರಿಹೋಗುವುದು. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಇದೇ. ಅಂಗಡಿಯಿಂದ ಹಣ ತೆತ್ತು ತರುವ ವಸ್ತುವು ಹಿತ್ತಲಿನ ಬಾಗಿಲಿನಿಂದ ಹೊರಹೋಗುತ್ತಿದೆಯೆಂಬುದರ ಗುರುತು ಅದು. ದನದ ಕಾಲಡಿಗೆ ಒಣಹುಲ್ಲು, ತರಗುಗಳನ್ನು ಹಾಸಿ ಗಂಜಲವನ್ನು ಹೀರಿಸಿ, ನೆರಳಿನ ಗುಂಡಿಯಲ್ಲಿ ಮುಚ್ಚಿಡುವ ಹಳೆಯ ಅಭ್ಯಾಸವು ಎಷ್ಟು ಯುಕ್ತವಾದುದೆಂದು ಇದರಿಂದ ತಿಳಿಯಬರುವುದು.

ಒಂದು ಸುಲಭ ಪ್ರಯೋಗ

ವಿದ್ಯಾರ್ಥಿಗಳು ಈ ಸಂಗತಿಗಳನ್ನು ಸ್ವತಃ ಪರೀಕ್ಷಿಸಿ ನೋಡಬಹುದು. ತಳದಲ್ಲಿ ತೂತಿರುವ ಆರು ಕುಂಡಗಳಿಗೆ, ಹಿಂದೆ ಅಲಸಂದೆಯನ್ನು ಬೆಳೆದಿದ್ದ ಹೊಲದ ಮಣ್ಣನ್ನು ಸಮನಾಗಿ ತುಂಬಿರಿ. ಪ್ರತಿಯೊಂದರಲ್ಲಿಯೂ ನಾಲ್ಕು ಬೀಜಗಳನ್ನು ಬಿತ್ತಿ, ಮೊಳೆತ ಮೇಲೆ ಎರಡು ಸಸಿಗಳನ್ನು ಮಾತ್ರ ಉಳಿಸಿರಿ. ಮೂರು ಕುಂಡಗಳಿಗೆ ಏನೂ ಹಾಕಬೇಡಿ. ಉಳಿದ ಮೂರಕ್ಕೆ ವಾರಕ್ಕೊಮ್ಮೆ, ಒಂದು ಲೀಟರು ನೀರಿನಲ್ಲಿ ಒಂದು ಗ್ರಾಂ ಯೂರಿಯವನ್ನು ಕರಗಿಸಿ, ಒಂದೊಂದು ಬಟ್ಟಲು ಹಾಕಿರಿ. ಸುಮಾರು ೪೦ ದಿನಗಳ ಬಳಿಕ ಗಿಡಗಳನ್ನು ಕಿತ್ತೆಳೆಯದೆ, ಕುಂಡದ ಮಣ್ಣನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ತೊಳೆದು ಬೇರುಗಳನ್ನು ಬಿಡಿಸಿಕೊಳ್ಳಿರಿ. ಗಂಟುಗಳನ್ನು ಎಣಿಸಿ, ಹತ್ತು ಹತ್ತು ಗಂಟುಗಳನ್ನು ಅಲಗಿನಿಂದ ಕೊಯ್ದು, ನಸುಗೆಂಪಾದವು ಎಷ್ಟೆಂದು ಬರೆದಿಡಿರಿ. ಗಿಡಗಳನ್ನು ಒಣಗಿಸಿ ತೂಕವನ್ನೂ ನೋಡಿರಿ. ಬಿಡುವಿದ್ದರೆ ಇನ್ನೂ ಮೂರು ಕುಂಡಗಳ ಮಣ್ಣನ್ನು ಮೊದಲೇ ಹಬೆಯಲ್ಲಿ ಚೆನ್ನಾಗಿ ಬೇಯಿಸಿ ತಣಿಸಿ ಬಿತ್ತಿ ನೋಡಿರಿ. ರಾಥಮ್‌ಸ್ಟೆಡ್ಡಿನ ವಿದ್ವಾಂಸರನ್ನು ತೊಡಕಿಗೆ ಸಿಲುಕಿಸಿದ ಸಂಗತಿಯು ಅಲ್ಲಿ ಕಾಣಸಿಗಬಹುದು.

ಹೀಗೆ ಮೇವಿನ ದ್ವಿದಳ ಬೆಳೆಯು ತಾನಾಗಿ ಭೂಮಿಯನ್ನು ಸಾರವತ್ತಾಗಿ ಮಾಡುವ ಮಾಂತ್ರಿಕವಸ್ತುವಲ್ಲ. ಗಾಳಿಯಿಂದ ಅದು ತರುವ ಪಾಲನ್ನು ಅತಿಯಾದ ಉಳುಮೆಯಿಂದಲೂ ಅನಗತ್ಯವಾದ ಸಾರಜನಕ ಗೊಬ್ಬರದಿಂದಲೂ ಕುಗ್ಗಿಸದೆ, ಮಣ್ಣಿನ ಗುಣವನ್ನರಿತು ಬೇಕಾದಷ್ಟೇ ಉತ್ತು, ರಂಜಕವನ್ನು ಒದಗಿಸಿ, ದನದಿಂದ ಬಂದುದನ್ನು ಹೊಲಕ್ಕೇ ಹಿಂದಿರುಗಿಸಿದರೆ, ಜಮಾ ಖರ್ಚುಗಳು ಸರಿತೂಗಿ ಸ್ವಲ್ಪ ಉಳಿತಾಯವೂ ಆಗುವುದು. ಈ ಲೆಕ್ಕಕ್ಕೆ ಬೇಕಾದುದು ಕೂಡುವ ಕಳೆಯುವ ಗಣಿತ ಮಾತ್ರ. ಅದನ್ನು ಹಾಕಬೇಕಾದ ಸ್ಥಳ ಹೊಲದ ಬದು.